ಕೆಂಪು ವೈನ್: ಗ್ಲಾಸಿನೊಳಗಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ದಿನಕ್ಕೊಂದು ಗ್ಲಾಸ್ ಕೆಂಪು ವೈನ್ ಹೃದಯಕ್ಕೆ ಒಳ್ಳೆಯದಂತೆ ಎನ್ನುವ ಮಾತು ಫ್ರಾನ್ಸಿನಿಂದ ಬಂದದ್ದು. ಬೆಣ್ಣೆ, ಚೀಸ್ ಧಾರಾಳವಾಗಿ ತಿನ್ನುವ ಫ್ರೆಂಚರಲ್ಲಿ ಹೃದ್ರೋಗದ ಸಾವು ಕಡಿಮೆ ಏಕೆ ಎಂದು ಹುಡುಕಿದ ವಿಜ್ಞಾನಿ ಸೆರ್ಜ್ ರೆನೋ, 1992ರಲ್ಲಿ ವೈನಿನ ಕಡೆಗೆ ಬೊಟ್ಟು ಮಾಡಿದರು.

ಕೆಂಪು ವೈನಿಗೆ ದ್ರಾಕ್ಷಿಯನ್ನು ಸಿಪ್ಪೆ, ಬೀಜಗಳ ಸಮೇತ ಹುಳಿಯಲು ಬಿಡುತ್ತಾರೆ. ಅದರ ಬಣ್ಣ, ಒಗರು, ಹೃದಯಕ್ಕೆ ಒಳ್ಳೆಯದೆಂದು ಹೆಸರುವಾಸಿಯಾದ ರೆಸ್ವೆರಟ್ರಾಲ್ ಎಂಬ ರಾಸಾಯನಿಕ ಎಲ್ಲವೂ ಇಳಿಯುವುದು ಅಲ್ಲಿಂದಲೇ. ಆದರೆ ಒಂದು ಲೀಟರ್ ವೈನಿನಲ್ಲಿ ರೆಸ್ವೆರಟ್ರಾಲ್ ಇರುವುದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಡುವುದು ದಿನಕ್ಕೆ ನೂರಾರು ಮಿಲಿಗ್ರಾಂ. ಅದರ ಆಸೆಗೆ ವೈನ್ ಕುಡಿಯುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಮಿತವಾಗಿ ಕುಡಿಯುವವರು ಕುಡಿಯದವರಿಗಿಂತ ಗಟ್ಟಿಯಾಗಿದ್ದಾರೆ ಎಂದು ಸಮೀಕ್ಷೆಗಳು ತೋರಿಸಿದ್ದು ಹೇಗೆ? ತೊಡಕಿರುವುದು 'ಕುಡಿಯದವರು' ಎಂಬ ಪಟ್ಟಿಯಲ್ಲಿ. ಲಿವರ್ ಕೆಟ್ಟು, ಬಿಪಿ ಏರಿ, ಡಾಕ್ಟರ್ ಹೇಳಿದ ಮೇಲೆ ಬಿಟ್ಟವರೂ ಅದರಲ್ಲಿ ಸೇರಿಕೊಂಡಿದ್ದರು. ಮಿತವಾಗಿ ಕುಡಿಯುವವರಲ್ಲಿ ಅನುಕೂಲಸ್ಥರು, ವ್ಯಾಯಾಮ ಮಾಡುವವರು ಹೆಚ್ಚು. ಇವನ್ನು ಸರಿದೂಗಿಸಿ ನೋಡಿದರೆ ಲಾಭದ ಬಹುಪಾಲು ಕರಗಿಹೋಗುತ್ತದೆ.

ಪೂರ್ತಿ ಕರಗುತ್ತದೆ ಎನ್ನಲಾರೆ. ಇಸ್ರೇಲಿನಲ್ಲಿ 224 ಮಧುಮೇಹಿಗಳಿಗೆ ಎರಡು ವರ್ಷ ರಾತ್ರಿಯೂಟದ ಜೊತೆ 150 ಮಿಲಿ ಕೆಂಪು ವೈನ್, ಬಿಳಿ ವೈನ್ ಅಥವಾ ನೀರು ಕೊಟ್ಟರು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ ಕೆಂಪು ವೈನ್ ಕುಡಿದವರ ಒಳ್ಳೆಯ ಕೊಲೆಸ್ಟ್ರಾಲ್ (ಎಚ್‌ಡಿಎಲ್) ಡೆಸಿಲೀಟರಿಗೆ ಸುಮಾರು 2 ಮಿಲಿಗ್ರಾಂ ಏರಿತ್ತು. ಬಿಪಿ ಇಳಿಯಲಿಲ್ಲ.

ಈಗ ಗ್ಲಾಸಿನ ವಿಷಯ. 12 ಶೇಕಡಾ ವೈನ್ 150 ಮಿಲಿ ಎಂದರೆ 18 ಮಿಲಿ ಆಲ್ಕೋಹಾಲ್. ಒಂದು ಮಿಲಿ ಆಲ್ಕೋಹಾಲ್ 0.79 ಗ್ರಾಂ ತೂಗುವುದರಿಂದ, 0.79ರಿಂದ ಗುಣಿಸಿದರೆ ಸುಮಾರು 14 ಗ್ರಾಂ. ಅದೇ 14 ಶೇಕಡಾದ್ದನ್ನು ದೊಡ್ಡ ಗ್ಲಾಸಿನಲ್ಲಿ 250 ಮಿಲಿ ಸುರಿದರೆ ಸುಮಾರು 28 ಗ್ರಾಂ. ಕೈಯಲ್ಲಿರುವುದು ಒಂದೇ ಗ್ಲಾಸ್, ಹೊಟ್ಟೆಗೆ ಹೋದದ್ದು ಎರಡು! ಅಳತೆ ಲೋಟದಲ್ಲಿ 150 ಮಿಲಿ ನೀರು ತೆಗೆದುಕೊಂಡು ನಿಮ್ಮ ವೈನ್ ಗ್ಲಾಸಿಗೆ ಒಮ್ಮೆ ಸುರಿದು ನೋಡಿ. ಅಗಲ ಗ್ಲಾಸಾದರೆ ತಳದಲ್ಲೇ ಉಳಿಯುತ್ತದೆ.

ಈ ಗ್ರಾಂ ಲೆಕ್ಕ ಏಕೆ ಮುಖ್ಯವೆಂದರೆ, ಆಲ್ಕೋಹಾಲು ದೇಹದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ ಜೀವಕೋಶದ ಡಿಎನ್‌ಎಯನ್ನೇ ಕೆಡಿಸುತ್ತದೆ. ಮದ್ಯ ಕ್ಯಾನ್ಸರ್‌ಕಾರಕವೆಂದು 1988ರಲ್ಲೇ ವರ್ಗೀಕರಣವಾಗಿದೆ, ವೈನಿಗೆ ವಿನಾಯಿತಿಯಿಲ್ಲ. ಹೆಂಗಸರಲ್ಲಿ ದಿನಕ್ಕೆ ಪ್ರತಿ 10 ಗ್ರಾಂಗೆ ಸ್ತನ ಕ್ಯಾನ್ಸರಿನ ಅಪಾಯ ಸುಮಾರು 7 ಶೇಕಡಾ ಏರುತ್ತದೆ. ಆದ್ದರಿಂದ ಕುಡಿಯದವರು ಆರೋಗ್ಯಕ್ಕೆಂದು ಶುರುಮಾಡಲೇಬಾರದು. ಗರ್ಭಿಣಿಯರಿಗೆ ಒಂದು ಗುಟುಕೂ ಬೇಡ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಗಮನವಿಟ್ಟು ಕೇಳಿ. ಲಿವರ್ ಆಲ್ಕೋಹಾಲನ್ನು ಅರಗಿಸುತ್ತಿರುವಾಗ ಹೊಸದಾಗಿ ಸಕ್ಕರೆ ತಯಾರಿಸುವುದು ತಗ್ಗುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಕೆಲವು ಗಂಟೆಗಳ ನಂತರ, ನಿದ್ದೆಯಲ್ಲಿ, ಸಕ್ಕರೆ ಕುಸಿಯಬಹುದು. ಆಗಿನ ಬೆವರು, ತೊದಲು, ಮಂಪರು ನೋಡಿದ ಮನೆಯವರು ಕುಡಿದ ಅಮಲೆಂದುಕೊಂಡು ಸುಮ್ಮನಿದ್ದುಬಿಡುತ್ತಾರೆ. ಊಟದ ಜೊತೆಗಷ್ಟೇ ಕುಡಿಯಿರಿ, ಮಲಗುವ ಮೊದಲು ಸಕ್ಕರೆ ಪರೀಕ್ಷಿಸಿಕೊಳ್ಳಿ, ಕುಡಿದದ್ದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಯೇ ಮಲಗಿ.

ನಮಸ್ಕಾರ.