ಗಿಡ ಕೊಡುವ ಮುನ್ನ ನೀರಿನ ಮಾತು

ಕೇಳುಗ ಮಿತ್ರರಿಗೆ ನಮಸ್ಕಾರ.

ಅಗಲ ಬಾಯಿಯ ಒಂದು ಟಬ್ಬಿನಲ್ಲಿ ತಾವರೆ. ಪಕ್ಕದ ಇನ್ನೊಂದು ಟಬ್ಬಿನಲ್ಲಿ ಹುಳ ಹಿಡಿಯುವ ಜೌಗಿನ ಗಿಡಗಳು. ನೋಡುವವರಿಗೆ ಎರಡೂ ಒಂದೇ: ಕೆಸರು, ನೀರು, ಹಸಿರು. ಸಾಕುವವರಿಗೆ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ ಎಂಬ ಪಾಡು. ತಾವರೆಗೆ ಎಷ್ಟು ಉಣಿಸಿದರೂ ಸಾಲದು. ಜೌಗಿನ ಗಿಡಕ್ಕೆ ಚಿಟಿಕೆ ಗೊಬ್ಬರವೂ ವಿಷ. ಅದಕ್ಕೇ ಸ್ನೇಹಿತರು ಯಾರಾದರೂ ಗಿಡ ಕೇಳಿದರೆ ನಾನು ಮೊದಲು ಕೇಳುವುದು, "ನಿಮ್ಮ ಮನೆಗೆ ಬರೋ ನೀರು ಎಂಥದ್ದು?" ಕೊಡಲು ಮನಸ್ಸಿಲ್ಲದೆ ನೆಪ ಹೂಡುತ್ತಿದ್ದಾನೆ ಅಂದುಕೊಳ್ಳುವವರೂ ಇದ್ದಾರೆ. ಅಂದುಕೊಳ್ಳಲಿ ಬಿಡಿ.

ಈ ಪ್ರಶ್ನೆ ಯಾಕೆ ಅಂತ ಹೇಳುತ್ತೇನೆ. ಹೂಜಿಯಂಥ ಎಲೆಯ ಸ್ಯಾರಸೀನಿಯಾ, ಅಂಟು ಹನಿಯ ಡ್ರೋಸೆರಾ, ಬಾಯಿಯಂತೆ ಮುಚ್ಚುವ ಎಲೆಯ ವೀನಸ್ ಫ್ಲೈಟ್ರ್ಯಾಪ್, ಇವೆಲ್ಲ ಸತ್ವವಿಲ್ಲದ, ಹುಳಿ ಗುಣದ ನೆಲದ ಗಿಡಗಳು. ಬೇರಿಗೆ ಸಿಗದ ಸಾರಜನಕವನ್ನು ಹುಳಗಳಿಂದ ಪಡೆಯುತ್ತವೆ. ಇವಕ್ಕೆ ಗೊಬ್ಬರ ಬೆರೆಸದ ಪೀಟ್, ಅಂದರೆ ಜೌಗಿನಲ್ಲಿ ಅರೆಕೊಳೆತ ಹಾವಸೆಯ ಪುಡಿ, ಅದರ ಜೊತೆ ಪರ್ಲೈಟ್ ಎಂಬ ಹಗುರ ಬಿಳಿ ಕಾಳು ಇಲ್ಲವೇ ಚೆನ್ನಾಗಿ ತೊಳೆದ ದಪ್ಪ ಮರಳು, ಇಷ್ಟೇ ಸಾಕು. ತೊಳೆಯದ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬೇಡ, ಅದರಲ್ಲಿ ಉಪ್ಪಿನಂಶ ಇರುತ್ತದೆ. ನೀರು ಮಳೆಯದ್ದಾಗಿರಬೇಕು, ಇಲ್ಲವೇ ಡಿಸ್ಟಿಲ್ಡ್ ಅಥವಾ ಆರ್‌ಓ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ಒಳಗಿದ್ದರೆ ನಿಶ್ಚಿಂತೆ. ಬೋರ್‌ವೆಲ್ ನೀರಿನಲ್ಲಿ ಆ ಅಂಕಿ ಹಲವು ನೂರಕ್ಕೆ ಏರುವುದುಂಟು.

ಅಂಥ ನೀರು ಹಾಕಿದ ಮಾತ್ರಕ್ಕೆ ಗಿಡ ಮಾರನೇ ದಿನವೇ ಸಾಯುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ನೀರು ಆವಿಯಾಗುತ್ತಾ ಹೋಗುತ್ತದೆ, ಉಪ್ಪು ಪೀಟಿನಲ್ಲಿ ಉಳಿದು ಸೇರುತ್ತಾ ಬರುತ್ತದೆ, ತಿಂಗಳುಗಳಾದ ಮೇಲೆ ಗಿಡ ಸೊರಗುತ್ತದೆ. ಆಗ ನೀರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಪಾಪ, ಬಿಸಿಲು ಜಾಸ್ತಿಯಾಯಿತೇನೋ ಎಂದು ನೆರಳಿಗೆ ಎತ್ತಿಡುತ್ತಾರೆ. ಬಿಸಿಲನ್ನೇ ನಂಬಿದ ಗಿಡಕ್ಕೆ ಅಲ್ಲಿಗೆ ಮುಗಿಯಿತು.

ಈ ಜೌಗಿನ ಗಿಡಗಳ ಟಬ್ಬಿನ ತೂತಿನ ಬಗ್ಗೆಯೂ ಒಂದು ಮಾತು. ತಳದಲ್ಲಿ ಕೊರೆಯಬೇಡಿ. ಪಕ್ಕದಲ್ಲಿ, ಪೀಟಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ಕೊರೆಯಿರಿ. ಕೆಳಗೆ ಸದಾ ತೇವ ಇರುತ್ತದೆ, ಮಳೆ ಬಂದಾಗ ಹೆಚ್ಚಿನದು ಹರಿದುಹೋಗುತ್ತದೆ, ಗಿಡದ ಬುಡ ಕೊಳೆಯುವುದಿಲ್ಲ. ಇನ್ನು ಫ್ಲೈಟ್ರ್ಯಾಪಿನ ಬಾಯಿಗೆ ಬೆರಳು ಹಾಕಿ ಆಡುವ ಚಟ. ಒಳಗಿನ ರೋಮಕ್ಕೆ ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ತಾಗಿದರೆ ಬಾಯಿ ಮುಚ್ಚುತ್ತದೆ. ಸುಮ್ಮನೆ ಮುಚ್ಚಿಸಿದಷ್ಟೂ ಗಿಡದ ಕಸುವು ದಂಡ. ಮಕ್ಕಳಿಗಿಂತ ದೊಡ್ಡವರನ್ನೇ ಹೆಚ್ಚು ಕಾಯಬೇಕು!

ತಾವರೆಯ ಲೆಕ್ಕವೇ ಬೇರೆ. ಅದಕ್ಕೆ ಜಿಗುಟಾದ ಜೇಡಿಮಣ್ಣು, ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು, ತಳದಲ್ಲಿ ತೂತಿಲ್ಲದ ಗುಂಡನೆಯ ಟಬ್ಬು ಬೇಕು. ಚೌಕ ಟಬ್ಬಾದರೆ ಓಡುವ ಕುಡಿ ಮೂಲೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕಾಂಪೋಸ್ಟ್ ಸುರಿಯಬೇಡಿ. ಅದು ಮೇಲೆ ತೇಲುತ್ತದೆ, ನೀರು ಪಾಚಿಯಿಂದ ಹಸಿರಾಗುತ್ತದೆ. ಗೊಬ್ಬರ ಕೊಡುವುದು ನೀರಿನ ಮೇಲೆ ಎದ್ದು ನಿಲ್ಲುವ ಎಲೆಗಳು ಬಂದಮೇಲೆ, ಮಣ್ಣಿನ ಆಳಕ್ಕೆ ಒತ್ತಿ.

ತಾವರೆ ಹಂಚುವಾಗ ಕೈಯಲ್ಲಿರುವುದು ಒಂದು ಗೆಡ್ಡೆ. ಅದರ ತುದಿಯಲ್ಲಿ ಚೂಪಾದ ಮೊಳಕೆ. ಗೆಡ್ಡೆಯ ಜೀವವೆಲ್ಲ ಅಲ್ಲೇ, ಉಗುರು ತಾಗಿದರೂ ಮುರಿಯುವಷ್ಟು ನಾಜೂಕು. ಮುರಿದರೆ ಗೆಡ್ಡೆ ಕೊಳೆಯುವ ಸಂಭವವೇ ಹೆಚ್ಚು. ಗೆಡ್ಡೆಯನ್ನು ಅಡ್ಡ ಮಲಗಿಸಿ, ಮೈ ಮಾತ್ರ ಕೆಸರಿನಲ್ಲಿ ಹುದುಗಿಸಿ, ತುದಿಯನ್ನು ಹೊರಗೆ ಬಿಡಬೇಕು. ತೇಲದಂತೆ ಮೈಮೇಲೊಂದು ಕಲ್ಲು. ಬೀಜ ಹಂಚುವುದು ಇನ್ನೂ ಸುಲಭ, ಲಕೋಟೆಯಲ್ಲಿ ಹಾಕಿ ಕೊಟ್ಟರಾಯಿತು. ಚೀನಾದ ಒಣಗಿದ ಕೆರೆಯೊಂದರ ತಳದಲ್ಲಿ ಸಿಕ್ಕ, ಸುಮಾರು 1,300 ವರ್ಷ ಹಳೆಯ ತಾವರೆ ಬೀಜ ಮೊಳೆತಿದೆ. ಸಿಪ್ಪೆ ಅಷ್ಟು ಗಟ್ಟಿ, ಅರದಿಂದ ಉಜ್ಜಿಯೇ ನೀರಿಗೆ ಹಾಕಬೇಕು. ಆದರೆ ಬೀಜದ ಗಿಡ ತಾಯಿಯಂತೆಯೇ ಹೂ ಬಿಡುತ್ತದೆ ಎಂಬ ಖಾತ್ರಿ ಇಲ್ಲ.

ಹಂಚಲು ನನಗೆ ಬಹಳ ಇಷ್ಟವಾದದ್ದು ನೈದಿಲೆ. ಅದರ ಕೆಲವು ಬಗೆಗಳಲ್ಲಿ ಎಲೆಯೇ ಮರಿ ಹಾಕುತ್ತದೆ. ದಂಟು ಎಲೆಗೆ ಕೂಡುವ ಜಾಗವನ್ನು ಹತ್ತಿರದಿಂದ ನೋಡಿ. ಮೊದಲು ಒಂದು ಸಣ್ಣ ಉಬ್ಬು, ಆಮೇಲೆ ಉಗುರಿಗಿಂತ ಚಿಕ್ಕ ಎಲೆ, ಅದರ ಬುಡದಲ್ಲಿ ಬಿಳಿ ದಾರದಂಥ ಬೇರು. ತಾಯೆಲೆ ಹಳದಿಯಾಗುವ ಹೊತ್ತಿಗೆ ಮರಿ ಸಿದ್ಧ. ಸುತ್ತಲಿನ ಎಲೆಯ ಚೂರು ಸಮೇತ ಕತ್ತರಿಸಿ, ಕೆಸರಿನ ಮೇಲಿಟ್ಟು, ಒಂದು ಬೆಣಚುಕಲ್ಲು ಹೇರಿ. ಸ್ಯಾರಸೀನಿಯಾವನ್ನು ಪಾಲು ಮಾಡುವುದಾದರೆ ಚಳಿಯ ವಿಶ್ರಾಂತಿ ಮುಗಿದು ಹೊಸ ಚಿಗುರು ಬರುವ ಮುಂಚೆ. ಪ್ರತಿ ತುಂಡಿಗೂ ಒಂದು ಚಿಗುರುವ ತುದಿ, ಒಂದಷ್ಟು ಬೇರು ಇರಲೇಬೇಕು.

ಗಿಡದ ಜೊತೆ ಕರೆಯದೇ ಬರುವ ಅತಿಥಿಗಳೂ ಇರುತ್ತಾರೆ. ಎಲೆಯ ಕೆಳಗೆ ಲೋಳೆಯಂತೆ ಅಂಟಿದ ಬಸವನಹುಳದ ಮೊಟ್ಟೆ, ಸಾಸಿವೆಯಷ್ಟು ಪುಟ್ಟ ತೇಲುವ ಕಳೆ. ಕೊಡುವವರು ತೊಳೆದು ಕೊಡಬೇಕು, ಪಡೆದವರು ಎರಡು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಬೇಕು. ಆ ಬಕೆಟ್ಟನ್ನು ಮರೆತರೆ ವಾರ ಹತ್ತು ದಿನದಲ್ಲಿ ಸೊಳ್ಳೆ ಎದ್ದೀತು. ದೊಡ್ಡ ಟಬ್ಬಿಗೆ ಒಂದೆರಡು ಜೊತೆ ಗಪ್ಪಿ ಮೀನು ಬಿಟ್ಟರೆ ಮರಿಹುಳ ಅವುಗಳ ಪಾಲು. ಹೆಚ್ಚಾದ ಗಿಡವನ್ನಾಗಲಿ ಮೀನನ್ನಾಗಲಿ ಕೆರೆಗೆ, ಹಳ್ಳಕ್ಕೆ ಮಾತ್ರ ಬಿಡಬೇಡಿ. ದಕ್ಷಿಣ ಅಮೆರಿಕದ ತೇಲುವ ಗಿಡ ವಾಟರ್ ಹಯಸಿಂತನ್ನು ಅದರ ಊದಾ ಹೂವಿಗೆ ಮರುಳಾಗಿ ಖಂಡದಿಂದ ಖಂಡಕ್ಕೆ ಒಯ್ದವರು ಗಿಡಪ್ರಿಯರೇ. ಐರೋಪ್ಯ ಒಕ್ಕೂಟ 2016ರಲ್ಲಿ ಅದನ್ನು ನಿಷೇಧದ ಪಟ್ಟಿಗೆ ಸೇರಿಸಿತು. ನಾನಂತೂ ಅದನ್ನು ಯಾರಿಗೂ ಕೊಡುವುದಿಲ್ಲ, ಯಾರು ಕೊಟ್ಟರೂ ತರುವುದಿಲ್ಲ.

ಕಾಡಿನಿಂದ ಕಿತ್ತ ಗಿಡವೂ ಬೇಡ. ವೀನಸ್ ಫ್ಲೈಟ್ರ್ಯಾಪಿನ ಮೂಲ ನೆಲೆ ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾದ ಕರಾವಳಿ ಬಯಲು ಮಾತ್ರ. ಉತ್ತರ ಕ್ಯಾರೊಲಿನಾದಲ್ಲಿ ಕಳ್ಳತನ ಎಷ್ಟು ಹೆಚ್ಚಿತೆಂದರೆ 2014ರಲ್ಲಿ ಅದನ್ನು ಗಂಭೀರ ಅಪರಾಧವಾಗಿಸಿದರು. ಗೆಳೆಯರ ಟಬ್ಬಿನಲ್ಲಿ ಮರಿ ಬರುವವರೆಗೆ ಕಾಯುವುದರಿಂದ ಏನೂ ನಷ್ಟವಿಲ್ಲ.

ಕೊಡುವಾಗ ಬೇರಿಗೆ ಸ್ಫ್ಯಾಗ್ನಮ್ ಎಂಬ ಜೌಗಿನ ಹಾವಸೆಯನ್ನು ಒದ್ದೆ ಮಾಡಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಜೊತೆಗೊಂದು ಪಟ್ಟಿ: ಗಿಡದ ಹೆಸರು, ಯಾವ ನೀರು, ಗೊಬ್ಬರ ಬೇಕೋ ಬೇಡವೋ. ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಬಿಸಿಲಿಗೆ ಮಾಸಿಹೋಗುತ್ತದೆ. ನಮಸ್ಕಾರ.