ಶಾಲೆ ಬಿಟ್ಟ ಮೇಲಿನ ಹೊತ್ತು ಮತ್ತು ಪೊಲೀಸರ ಕೈಗೆ ಕೊಡುವ ಹಣ

ಕೇಳುಗರಿಗೆ ನಮಸ್ಕಾರ.

ಪೊಲೀಸ್ ಇಲಾಖೆಯ ಖರ್ಚುವೆಚ್ಚ ಎಂದೊಡನೆ ಸಂಬಳ, ವಾಹನ, ಠಾಣೆಯ ಕಟ್ಟಡ ಇಂಥವು ನೆನಪಿಗೆ ಬರುತ್ತವೆ. ಅದೇ ಇಲಾಖೆ ಬಾಕ್ಸಿಂಗ್ ಕೈಗವಸಿಗೆ, ಬ್ಯಾಸ್ಕೆಟ್‌ಬಾಲ್ ಅಂಗಳಕ್ಕೆ, ಹಿಂದುಳಿದ ಮಕ್ಕಳ ಗಣಿತದ ಪಾಠಕ್ಕೆ ಕೂಡ ಸರ್ಕಾರದ ಹಣ ಕೇಳುತ್ತದೆ ಎಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಅಮೆರಿಕದಲ್ಲಿ ಪೊಲೀಸರ ಈ ಕೆಲಸಕ್ಕೆ ನೂರು ವರ್ಷ ಮೀರಿದ ಇತಿಹಾಸವಿದೆ. ಕೆಲಸ ಹಳೆಯದಾದರೂ, ಅದಕ್ಕೆ ಹಣ ಕೊಡುವ ಬಗೆ ಇಂದಿಗೂ ಒಂದು ನೆಲೆಗೆ ಬಂದಿಲ್ಲ.

1914ರಲ್ಲಿ ನ್ಯೂಯಾರ್ಕ್ ನಗರದ ಪೊಲೀಸ್ ಕಮಿಷನರ್ ಆಗಿ ಬಂದ ಆರ್ಥರ್ ವುಡ್ಸ್ ಅವರ ಕಾಲದಲ್ಲಿ, ಆಟದ ಮೈದಾನವೇ ಇಲ್ಲದ ಇಕ್ಕಟ್ಟಿನ ಬಡಾವಣೆಗಳ ಕೆಲವು ಬೀದಿಗಳಲ್ಲಿ ನಿಗದಿತ ಹೊತ್ತಿಗೆ ವಾಹನ ಸಂಚಾರವನ್ನು ನಿಲ್ಲಿಸಿ, ಆ ಬೀದಿಗಳನ್ನು ಮಕ್ಕಳ ಆಟಕ್ಕೆ ಬಿಟ್ಟುಕೊಡಲಾಯಿತು. ಅದಕ್ಕೆ ತಗುಲಿದ ಖರ್ಚು ಹೆಚ್ಚೇನಲ್ಲ. ಬೀದಿಗೆ ಅಡ್ಡ ಕಟ್ಟಿದರೆ ಮುಕ್ಕಾಲು ಕೆಲಸ ಮುಗಿಯಿತು. ಮುಂದೆ 1930ರ ದಶಕದಲ್ಲಿ ಪೊಲೀಸ್ ಅಥ್ಲೆಟಿಕ್ ಲೀಗ್ ಎಂಬ ಹೆಸರು ರೂಢಿಗೆ ಬಂದು, ಆಟವು ಬೀದಿಯಿಂದ ಕಟ್ಟಡದ ಒಳಗೂ ಬಂದ ಮೇಲೆ ಬಾಡಿಗೆ, ದೀಪ, ಸಲಕರಣೆ, ತರಬೇತುದಾರ ಎಂದು ವೆಚ್ಚವೂ ಬೆಳೆಯಿತು. ಪೊಲೀಸರು ನಡೆಸುವ ಇಂಥ ಕೇಂದ್ರಗಳು ಈಗ ಆ ದೇಶದ ಅನೇಕ ನಗರಗಳಲ್ಲಿವೆ.

ಶಾಲೆ ಬಿಟ್ಟ ಮೇಲಿನ ಹೊತ್ತೇ ಏಕೆ ಎಂಬುದಕ್ಕೆ ಅಲ್ಲಿನ ನ್ಯಾಯ ಇಲಾಖೆಯ ಅಂಕಿಅಂಶಗಳಲ್ಲಿ ಉತ್ತರವಿದೆ. ಶಾಲೆ ನಡೆಯುವ ದಿನಗಳಲ್ಲಿ, ಹದಿನೆಂಟು ತುಂಬದವರು ಎಸಗುವ ಹಿಂಸಾಪರಾಧಗಳು ಅತಿ ಹೆಚ್ಚಾಗುವುದು ಮಧ್ಯರಾತ್ರಿಯಲ್ಲಲ್ಲ, ಮಧ್ಯಾಹ್ನ ಮೂರು ಗಂಟೆಯ ನಂತರ, ಎಂದರೆ ಶಾಲೆಯ ಗಂಟೆ ಬಾರಿಸಿ ತಂದೆತಾಯಿ ಇನ್ನೂ ಕೆಲಸದಿಂದ ಮರಳಿರದ ಹೊತ್ತಿನಲ್ಲಿ. ಮಕ್ಕಳು ಅಪರಾಧಕ್ಕೆ ಬಲಿಯಾಗುವ ಸಂಭವವೂ ಅದೇ ಹೊತ್ತಿನಲ್ಲಿ ಹೆಚ್ಚು. ಇದನ್ನು ಮರೆತು ಕೇವಲ ‘ತುಂಟ ಹುಡುಗರನ್ನು ಹದ್ದುಬಸ್ತಿನಲ್ಲಿಡುವ ಯೋಜನೆ’ ಎಂದುಕೊಂಡರೆ ವಿಷಯದ ಅರ್ಧವಷ್ಟೇ ಕಂಡಂತೆ.

ಇನ್ನು ಹಣದ ಮಾತು. 2000ನೇ ಇಸವಿಯ ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ಪಡೆದ ಕಾಯ್ದೆಯೊಂದು ಕಾನೂನಾಗಿ, ಪೊಲೀಸ್ ಅಥ್ಲೆಟಿಕ್ ಲೀಗುಗಳಿಗಾಗಿ ಐದು ವರ್ಷಗಳ ಕಾಲ ವರ್ಷಕ್ಕೆ 1 ಕೋಟಿ 60 ಲಕ್ಷ ಡಾಲರ್‌ವರೆಗೆ ಅನುದಾನ ನೀಡಲು ಅನುಮತಿ ಕೊಟ್ಟಿತು. ಇಲ್ಲಿ ‘ಅನುಮತಿ’ ಎಂಬ ಪದವನ್ನು ದಯವಿಟ್ಟು ಗಮನಿಸಬೇಕು. ಆ ದೇಶದ ಪದ್ಧತಿಯಲ್ಲಿ ಇಂತಿಷ್ಟು ಹಣ ಕೊಡಬಹುದು ಎಂದು ಹೇಳುವ ಕಾಯ್ದೆ ಒಂದು. ಆ ವರ್ಷ ಖಜಾನೆಯಿಂದ ನಿಜವಾಗಿ ಹಣ ಬಿಡಿಸುವ ಧನವಿನಿಯೋಗ ಕಾಯ್ದೆ ಇನ್ನೊಂದು. ಮೊದಲನೆಯದರಲ್ಲಿ ಅಚ್ಚಾದ ಮೊತ್ತ ಎರಡನೆಯದರಲ್ಲಿ ಕಡಿಮೆಯಾಗಬಹುದು, ಕಾಣಿಸದೆಯೂ ಹೋಗಬಹುದು. ಘೋಷಣೆಯಾದ ಮೊತ್ತವನ್ನು ಕೈಗೆ ಬಂದ ಮೊತ್ತವೆಂದು ಬರೆಯುವ ಪತ್ರಿಕಾ ವರದಿಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ರಾಜಕೀಯದ ಗಾಳಿಗೆ ಇಂಥ ಹಣ ಎಷ್ಟು ಬೇಗ ಅಲುಗಾಡುತ್ತದೆ ಎಂಬುದಕ್ಕೆ, ಪೊಲೀಸ್ ಕೇಂದ್ರವಲ್ಲದಿದ್ದರೂ ಅದೇ ಜಾತಿಗೆ ಸೇರಿದ ‘ಮಧ್ಯರಾತ್ರಿಯ ಬ್ಯಾಸ್ಕೆಟ್‌ಬಾಲ್’ ಒಂದು ನಿದರ್ಶನ. 1986ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಆರಂಭವಾದ ಈ ಪ್ರಯೋಗವನ್ನು ಕೆಲವೇ ವರ್ಷಗಳಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರು ಹೊಗಳಿದ್ದರು. 1994ರ ಅಪರಾಧ ನಿಯಂತ್ರಣ ಮಸೂದೆಯಲ್ಲಿ ಅದಕ್ಕೆ ಪುಟ್ಟದೊಂದು ಪಾಲು ಕಾದಿರಿಸಿದಾಗ, ಅವರ ಪಕ್ಷದವರೇ ಅದನ್ನು ದುಂದುವೆಚ್ಚದ ಗುರುತಾಗಿ ಎತ್ತಿ ಆಡಿಕೊಂಡರು. ಯೋಜನೆ ಬದಲಾಗಿರಲಿಲ್ಲ, ಚುನಾವಣೆ ಹತ್ತಿರವಾಗಿತ್ತು ಅಷ್ಟೆ.

ಆದರೆ ನನ್ನ ಮುಖ್ಯ ಆಕ್ಷೇಪ ಮೊತ್ತದ ಬಗೆಗಲ್ಲ, ಅವಧಿಯ ಬಗೆಗೆ. ಪೊಲೀಸ್ ಕೇಂದ್ರವೊಂದರಲ್ಲಿ ಅತಿ ದುಬಾರಿಯಾದದ್ದು ಚೆಂಡಲ್ಲ, ಬಲೆಯಲ್ಲ, ಅಲ್ಲಿಗೆ ದಿನವೂ ಬರುವ ಸಿಬ್ಬಂದಿಯ ಹೊತ್ತು. ಅನುದಾನದ ಹಣದಿಂದ ಸಲಕರಣೆ ಕೊಳ್ಳುವುದು ಸುಲಭ, ಉದ್ಘಾಟನೆಯ ದಿನ ತೋರಿಸುವುದಕ್ಕೂ ಅನುಕೂಲ. ಠಾಣೆಯಲ್ಲಿ ಜನ ಕಡಿಮೆಯಾದ ದಿನ ಮೊದಲು ಗಸ್ತಿಗೆ ಕರೆಸಿಕೊಳ್ಳುವುದು ಮಾತ್ರ ಮಕ್ಕಳ ಕೇಂದ್ರದಲ್ಲಿರುವ ಅಧಿಕಾರಿಯನ್ನೇ. ಸಮವಸ್ತ್ರವನ್ನು ಕಂಡರೆ ದೂರ ಸರಿಯುತ್ತಿದ್ದ ಹುಡುಗನೊಬ್ಬ ಹತ್ತಿರ ಬರಲು ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಪರಿಚಯದ ಮುಖ ಹೋಗಿ ಹೊಸ ಮುಖ ಬಂದರೆ ಎಲ್ಲವೂ ಮೊದಲಿನಿಂದ. ಒಂದೊಂದೇ ವರ್ಷಕ್ಕೆ ಮಂಜೂರಾಗುವ ಹಣ ಈ ಕೆಲಸದ ಸ್ವಭಾವಕ್ಕೇ ಒಗ್ಗುವುದಿಲ್ಲ.

ಈ ವಿಷಯದಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಮುಂದಿದೆ. ಶಾಲಾವಧಿಯ ನಂತರದ ಕಲಿಕಾ ಕೇಂದ್ರಗಳಿಗೆಂದೇ ಒಕ್ಕೂಟ ಸರ್ಕಾರ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ರಾಜ್ಯಗಳ ಮೂಲಕ ಹಂಚುತ್ತದೆ. ಆಯ್ಕೆಯಾದ ಕೇಂದ್ರಕ್ಕೆ ಕನಿಷ್ಠ ಮೂರು, ಗರಿಷ್ಠ ಐದು ವರ್ಷಗಳ ಅನುದಾನ ಸಿಗಬೇಕೆಂದು ಕಾನೂನೇ ಹೇಳುತ್ತದೆ. ಹಾಗಿರುವಾಗ ಪೊಲೀಸರೇ ಏಕೆ, ಎಲ್ಲವನ್ನೂ ಶಿಕ್ಷಕರಿಗೇ ವಹಿಸಬಾರದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 1983ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭವಾದ ‘ಡೇರ್’ ಎಂಬ ಕಾರ್ಯಕ್ರಮದಲ್ಲಿ ಪೊಲೀಸ್ ಅಧಿಕಾರಿಗಳು ತರಗತಿಗೆ ಬಂದು ಮಾದಕ ವಸ್ತುಗಳ ವಿರುದ್ಧ ಪಾಠ ಹೇಳುತ್ತಿದ್ದರು. ಅದು ದೇಶವೆಲ್ಲ ಹಬ್ಬಿತು, ಜನಪ್ರಿಯವೂ ಆಯಿತು. ಆದರೆ ಮಕ್ಕಳ ಮಾದಕ ವ್ಯಸನದ ಮೇಲೆ ಅದರಿಂದ ಗಣನೀಯ ಪರಿಣಾಮ ಕಾಣಲಿಲ್ಲವೆಂದು ಸಂಶೋಧನೆಗಳನ್ನು ಪರಿಶೀಲಿಸಿದ ಒಕ್ಕೂಟ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2003ರಲ್ಲಿ ವರದಿ ಮಾಡಿತು. ಎಷ್ಟು ಮಕ್ಕಳಿಗೆ ಪಾಠವಾಯಿತು ಎಂಬ ಲೆಕ್ಕ ಬೇರೆ, ಪಾಠದಿಂದ ಏನಾಯಿತು ಎಂಬ ಲೆಕ್ಕ ಬೇರೆ.

ತರಗತಿಯ ಉಪನ್ಯಾಸಕ್ಕೂ ದಿನವೂ ಜೊತೆಗೂಡಿ ಆಡುವುದಕ್ಕೂ ಅಂತರವಿದೆ ಎಂದೇ ನನ್ನ ನಂಬಿಕೆ. ಎರಡನೆಯದನ್ನು ಪೊಲೀಸರು ಮಾಡಿದಾಗ ಬೀದಿಯಲ್ಲಿ ಎದುರಾಗುವ ಇಬ್ಬರಿಗೂ ಪರಸ್ಪರ ಹೆಸರು ಗೊತ್ತಿರುತ್ತದೆ. ಆದರೆ ಆ ಪರಿಚಯವೇ ಬೇಹುಗಾರಿಕೆಗೆ ದಾರಿಯಾಗಬಾರದು. ಅಣ್ಣ ಎಲ್ಲಿದ್ದಾನೆ, ಮನೆಗೆ ಯಾರು ಬರುತ್ತಾರೆ ಎಂದು ಮಗು ಆಟದ ನಡುವೆ ಆಡಿದ ಮಾತು ತನಿಖೆಯ ಕಡತ ಸೇರಿದರೆ ಮರುದಿನ ಅಂಗಳ ಖಾಲಿ. ಮಗುವಿನ ಜೀವಕ್ಕೆ ಅಪಾಯವಿರುವ ಸಂದರ್ಭದ ಹೊರತು ಕೇಂದ್ರದ ಮಾಹಿತಿ ಠಾಣೆಗೆ ಹೋಗಕೂಡದು ಎಂಬುದನ್ನು ಅನುದಾನದ ಷರತ್ತಾಗಿಯೇ ಬರೆಯಬೇಕು.

ಹಣ ಮಂಜೂರು ಮಾಡುವ ಅಧಿಕಾರಿಗಳು ವಾರ್ಷಿಕ ವರದಿಯಲ್ಲಿ ಕೇಳುವುದು ಹೆಚ್ಚಾಗಿ ಹಾಜರಾದ ಮಕ್ಕಳ ಒಟ್ಟು ಸಂಖ್ಯೆಯನ್ನು. ಅದರ ಪಕ್ಕದಲ್ಲಿ ಇನ್ನೆರಡು ಅಂಕಣಗಳಿಗೆ ಜಾಗವಿರಲಿ: ಮೊದಲ ವರ್ಷ ಬಂದ ಮಕ್ಕಳಲ್ಲಿ ಮೂರನೆಯ ವರ್ಷವೂ ಬರುತ್ತಿರುವವರು ಎಷ್ಟು, ಮತ್ತು ಅವರನ್ನು ಮೊದಲ ದಿನ ಬಾಗಿಲಲ್ಲಿ ಬರಮಾಡಿಕೊಂಡ ಅಧಿಕಾರಿ ಇನ್ನೂ ಅಲ್ಲೇ ಇದ್ದಾರೆಯೇ. ನಮಸ್ಕಾರ.