ಹೆಲ್ಮೆಟ್ ತೆಗೆದ ಮೇಲಿನ ಮಾತು

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ, ಡಿಕ್ಕಿಯಾದ ಮೇಲೆ ರೇಸ್ ಚಾಲಕರು ಆಡುವ ಮಾತು. ಒಂದು ಸೌತೆಕಾಯಿಯಿಂದ ಶುರು ಮಾಡುತ್ತೇನೆ.

2012ರ ಮಲೇಷ್ಯಾ ಫಾರ್ಮುಲಾ ಒನ್ ಕಾರ್ ರೇಸ್. ನಾಲ್ಕನೇ ಸ್ಥಾನದಲ್ಲಿದ್ದ ಜರ್ಮನಿಯ ಸೆಬಾಸ್ಟಿಯನ್ ವೆಟಲ್, ಸುತ್ತಿನ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ ನಮ್ಮ ನರೇನ್ ಕಾರ್ತಿಕೇಯನ್ ಅವರನ್ನು ದಾಟುವಾಗ ಎರಡೂ ಕಾರು ತಾಗಿದವು. ವೆಟಲ್ ಕಾರಿನ ಟೈರ್ ಹೋಯಿತು, ಅವರು 11ನೆಯವರಾದರು. ಆಮೇಲೆ ಜರ್ಮನ್ ಟಿವಿಯ ಮುಂದೆ ನರೇನ್‌ರನ್ನು ‘ಸೌತೆಕಾಯಿ’ ಅಂದರು. ಅವರ ಭಾಷೆಯಲ್ಲಿ ಅದು ಕೆಲಸಕ್ಕೆ ಬಾರದವನು ಅನ್ನುವ ಬೈಗುಳ. ನರೇನ್ ಸುಮ್ಮನಿರಲಿಲ್ಲ, ವೆಟಲ್ ಅಳುಮುಂಜಿ ಅಂದರು. (ದಂಡ ಬಿದ್ದದ್ದು ಮಾತ್ರ ನರೇನ್‌ಗೇ!)

ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ನಗಬಹುದು. ಪಾಸಾದರೆ ನಾನು ಓದಿದ್ದೆ, ಫೇಲಾದರೆ ಪೇಪರ್ ಟಫ್ ಇತ್ತು, ನಾವೆಲ್ಲ ಮಾಡಿದ್ದೇ ಅಲ್ವಾ? ಆದರೆ ಈ ಚಾಲಕ ಮುಂದಿನ ರೇಸಿನಲ್ಲಿ ಗಂಟೆಗೆ 300 ಕಿ.ಮೀ. ವೇಗದಲ್ಲಿ ಬಂದು, ತಿರುವಿನಲ್ಲಿ ಬೇರೆಯವರಿಗಿಂತ ತಡವಾಗಿ ಬ್ರೇಕ್ ಒತ್ತಬೇಕು. ‘ತಪ್ಪು ನನ್ನದೇ ಇರಬಹುದೇನೋ’ ಅನ್ನುವ ಅನುಮಾನ ತಲೆಯಲ್ಲಿ ಉಳಿದರೆ ಕಾಲು ತಾನಾಗಿಯೇ ಬೇಗ ಬ್ರೇಕಿಗೆ ಹೋಗುತ್ತದೆ. ಹಾಗಾಗಿ ನನ್ನ ಪ್ರಕಾರ ಮೈಕಿನ ಮುಂದಿನ ಆ ಮಾತು ನಮಗೆ ಹೇಳಿದ್ದಲ್ಲ, ತನಗೆ ತಾನೇ ಹೇಳಿಕೊಂಡಿದ್ದು.

ಉಲ್ಟಾ ಉದಾಹರಣೆಯೂ ಇದೆ. 2019ರಲ್ಲಿ ಅಜರ್‌ಬೈಜಾನಿನ ಬಾಕು ಟ್ರ್ಯಾಕಿನ ಗೋಡೆಗೆ ಗುದ್ದಿದ ಚಾಲಕ ಚಾರ್ಲ್ಸ್ ಲೆಕ್ಲೇರ್, ಕಾರಿನಿಂದ ಇಳಿಯುವ ಮೊದಲೇ ರೇಡಿಯೋದಲ್ಲಿ ‘ನಾನು ದಡ್ಡ, ನಾನು ದಡ್ಡ’ ಅಂದರು. ಬೈಯುವವರಿಗೆ ಇನ್ನೇನು ಉಳಿಯಿತು? ಅದೂ ಒಂದು ರಕ್ಷಣೆಯೇ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬ್ರೆಜಿಲ್‌ನ ಚಾಲಕ ಐರ್ಟನ್ ಸೆನ್ನಾ. 1989ರಲ್ಲಿ ಜಪಾನಿನ ಸುಜುಕಾದಲ್ಲಿ ಎದುರಾಳಿ ಆಲನ್ ಪ್ರಾಸ್ಟ್ ಜೊತೆ ಡಿಕ್ಕಿಯಾಗಿ, ರೇಸ್ ಗೆದ್ದರೂ ಅನರ್ಹರಾಗಿ, ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಪ್ರಾಸ್ಟ್ ಪಾಲಾಗಿತ್ತು. 1990ರಲ್ಲಿ ಅದೇ ಸುಜುಕಾ. ರೇಸ್ ಹೊರಡುವ ಸಾಲಿನ ಮೊದಲ ಜಾಗ ಸೆನ್ನಾಗೆ ಸಿಕ್ಕಿತು, ಆದರೆ ಟೈರಿಗೆ ಹಿಡಿತ ಸಿಗದ ಧೂಳಿನ ಕಡೆ. ಬದಲಿಸಿ ಅಂದರೆ ಅಧಿಕಾರಿಗಳು ಕೇಳಲಿಲ್ಲ. ಪ್ರಾಸ್ಟ್ ಮುಂದೆ ನುಗ್ಗಿದರು. ಮೊದಲ ತಿರುವಿನಲ್ಲೇ ಸೆನ್ನಾ ಗುದ್ದಿದರು, ಇಬ್ಬರೂ ಹೊರಗೆ, ಪಟ್ಟ ಅಂಕದಲ್ಲಿ ಮುಂದಿದ್ದ ಸೆನ್ನಾಗೆ.

ಎರಡು ವಾರದ ನಂತರ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮಾಜಿ ಚಾಂಪಿಯನ್ ಜಾಕಿ ಸ್ಟೀವರ್ಟ್ ಸೆನ್ನಾರನ್ನು ನೇರವಾಗಿಯೇ ಕೇಳಿದರು: ಹಿಂದಿನ ಚಾಂಪಿಯನ್‌ಗಳೆಲ್ಲ ಸೇರಿ ಗುದ್ದಿದ್ದಕ್ಕಿಂತ ನೀವೊಬ್ಬರೇ ಜಾಸ್ತಿ ಗುದ್ದಿದ್ದೀರಲ್ಲ? ಆಗ ಸೆನ್ನಾ ಹೇಳಿದ ಮಾತನ್ನು ಜನ ಈಗಲೂ ಪೋಸ್ಟರ್ ಮಾಡಿ ಹಾಕಿಕೊಳ್ಳುತ್ತಾರೆ: ಕಣ್ಣೆದುರು ಸಂದಿ ಕಂಡರೂ ನೀವು ನುಗ್ಗದಿದ್ದರೆ ನೀವು ರೇಸ್ ಚಾಲಕರೇ ಅಲ್ಲ, ಯಾಕೆಂದರೆ ನಾವು ಸ್ಪರ್ಧೆಗೆ ಇಳಿದವರು. ಗಮನಿಸಿ, ಅಲ್ಲಿ ‘ನೀವು’ ಇದೆ, ‘ನಾವು’ ಇದೆ. ಸುಜುಕಾದಲ್ಲಿ ಗುದ್ದಿದ ‘ನಾನು’ ಇಲ್ಲವೇ ಇಲ್ಲ.

1991ರಲ್ಲಿ ಮತ್ತೆ ಸುಜುಕಾ. ಸೆನ್ನಾಗೆ ಮೂರನೇ ಪಟ್ಟ ಸಿಕ್ಕಾಗಿತ್ತು, ಅವರು ದ್ವೇಷಿಸುತ್ತಿದ್ದ, ರೇಸ್ ಆಡಳಿತ ಸಂಸ್ಥೆಯ ಅಧ್ಯಕ್ಷ ಬಾಲೆಸ್ಟರ್ ಚುನಾವಣೆಯಲ್ಲಿ ಸೋತು ಹೋಗಿದ್ದರು. ಆ ದಿನ ಪತ್ರಕರ್ತರ ಮುಂದೆ ಸೆನ್ನಾ ಬಾಯಿಬಿಟ್ಟರು: ಪ್ರಾಸ್ಟ್ ಮುಂದೆ ಹೋದರೆ ಮೊದಲ ತಿರುವಿನಲ್ಲಿ ನಾನು ಬಿಡುವುದಿಲ್ಲ ಅಂತ ಹೋದ ವರ್ಷವೇ ತೀರ್ಮಾನ ಮಾಡಿದ್ದೆ. ಆ ‘ನಾನು’ ಬಾಯಿಗೆ ಬರಲು ಒಂದು ವರ್ಷ ಬೇಕಾಯಿತು.